ಅಂತರ್ಜಾಲವೂ ನಮ್ಮ ಮಕ್ಕಳ ಹೆಸರೂ

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಸಂಗತಿಯನ್ನು ನಮ್ಮ ವಾಚಕರಲ್ಲಿ ಬಹಳ ಮಂದಿ ಬಲ್ಲರು. ಆ ಬಗೆಯ ಸಂಘಗಳನ್ನು ನಮ್ಮ ಕಡೆ ಇಂದಿಗೂ ಪತ್ತಿನ ಸಂಘಗಳೆಂದೇ ಕರೆಯುತ್ತಾರೆ. ಈ 'ಪತ್ತು' ಎಂಬ ಮಾತು ಬಲು ಅರ್ಥವತ್ತಾದದ್ದು. ಅದು ಬರಿಯ ಸಾಲವಲ್ಲ. ಇವನಿಗೆ ಕೊಟ್ಟದ್ದು ತಿರುಗಿ ಬಂದೀತು ಎಂದು ನಾಲ್ಕು ಜನ ಇಟ್ಟ ನಂಬಿಕೆ. 1904ರ ಕಾಯ್ದೆಯ ಮೇರೆಗೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ. ಒಬ್ಬನು ಸಾಲ ತೀರಿಸದೆ ಕೈಯೆತ್ತಿದರೆ ಉಳಿದವರು ತುಂಬಿಕೊಡಬೇಕಾಗುತ್ತಿತ್ತು. ಹೀಗಿರುವಾಗ ಒಬ್ಬನನ್ನು ಸೇರಿಸಿಕೊಳ್ಳುವ ಮೊದಲು ಅವನ ನಡೆನುಡಿ ಎಂಥದು, ಅವನಪ್ಪ ಕೊಟ್ಟ ಮಾತಿಗೆ ನಿಲ್ಲುತ್ತಿದ್ದನೆ ಎಂದು ವಿಚಾರಿಸದೆ ಇರಲು ಸಾಧ್ಯವೆ? ಹೆಸರು ಎಂಬುದು ಆಗ ಅಡವಿಡಬಹುದಾದ ಆಸ್ತಿಯಾಗಿತ್ತು.

ರೋಣ ತಾಲೂಕಿನ ಅಸೂಟಿಯಂಥ ಎರೆನಾಡಿನ ಊರುಗಳಲ್ಲಿ ಈ ಲೆಕ್ಕ ಈಗಲೂ ಪೂರ್ತಿ ಅಳಿದಿಲ್ಲ. ಅಂಥ ಊರಿನಲ್ಲಿ ಹುಡುಗನೊಬ್ಬ ಎದುರಿಗೆ ಬಂದರೆ ಅವನು ಯಾರ ಮಗ, ಯಾವ ಓಣಿಯವ, ಯಾವ ಮಾಸ್ತರರ ಹತ್ತಿರ ಪೆಟ್ಟು ತಿಂದವ ಎಂಬುದನ್ನು ಕಟ್ಟೆಯ ಮೇಲೆ ಕೂತವರು ಕೇಳದೆಯೇ ಹೇಳಿಯಾರು. ಈ ಊರಗಣ್ಣು ಒಮ್ಮೊಮ್ಮೆ ಕ್ರೂರವಾದದ್ದೇ ಸರಿ. ಅದರ ಬಾಯಿಗಂತೂ ಮುಚ್ಚಳವಿಲ್ಲ. ಆದರೂ ಅದಕ್ಕೆ ಒಂದು ದೊಡ್ಡ ಗುಣವಿತ್ತು. ಅದು ಮನುಷ್ಯನನ್ನು ಇಡಿಯಾಗಿ ನೋಡುತ್ತಿತ್ತು. ಮತ್ತು ಕಾಲ ಕಳೆದಂತೆ ಮರೆಯುತ್ತಿತ್ತು. ಹತ್ತನೆಯ ವಯಸ್ಸಿನಲ್ಲಿ ಮಂದಿಯ ಹೊಲದ ಸೌತೆಕಾಯಿ ಕದ್ದು ಸಿಕ್ಕಿಬಿದ್ದವನು ನಲವತ್ತಕ್ಕೆ ಪಂಚನಾಗಿ ಕೂತು ನ್ಯಾಯ ಹೇಳಬಹುದಿತ್ತು. ಯಾರಾದರೂ ಹಳೆಯದನ್ನು ನೆನಪಿಸಿದರೆ ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದನು.

ಈಗ ನಮ್ಮ ಮಕ್ಕಳ ಕೈಗೆ ಬಂದಿರುವ ಯಂತ್ರಕ್ಕೆ ಈ ಮರೆಯುವ ಗುಣವಿಲ್ಲ. 2016ರ ನಂತರ ಅಂತರ್ಜಾಲ ಅಗ್ಗವಾಯಿತು. 2020ರಲ್ಲಿ ಸಾಂಕ್ರಾಮಿಕದ ಕಾಲಕ್ಕೆ ಶಾಲೆಗಳು ಮುಚ್ಚಿ, ಪಾಠವೇ ಮೊಬೈಲಿನಲ್ಲಿ ಬರತೊಡಗಿತು. ಅಲ್ಲಿಯವರೆಗೆ ಮಕ್ಕಳಿಗೆ ಫೋನು ಕೂಡದು ಎನ್ನುತ್ತಿದ್ದ ಮನೆಗಳಲ್ಲಿಯೂ ಹಿರಿಯರೇ ಕೊಂಡು ತಂದುಕೊಟ್ಟರು. ಪಾಠ ಶಾಲೆಗೆ ಮರಳಿತು, ಫೋನು ಮನೆಯಲ್ಲೇ ಉಳಿಯಿತು. ಈಗ ಹದಿನಾಲ್ಕು ವರುಷದ ಹುಡುಗಿಗೆ ಎರಡು ಹೆಸರುಗಳಿವೆ. ಊರವರು ಬಲ್ಲ ಹೆಸರು ಒಂದು. ಪರದೆಯ ಮೇಲಿನ ಹೆಸರು ಮತ್ತೊಂದು. ಮೊದಲನೆಯದನ್ನು ಕಾಯುವ ವಿದ್ಯೆಯನ್ನು ನಾವು ಹಿರಿಯರಿಂದ ಕಲಿತೆವು. ಎರಡನೆಯದನ್ನು ಕಾಯಲು ಕಲಿಸುವವರು ಯಾರು? ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಯಂತ್ರದ ರೀತಿಯನ್ನು ತಿಳಿಯಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಅಂತರ್ಜಾಲದ ತೊಂದರೆ ಇದಕ್ಕೆ ವಿರುದ್ಧವಾದದ್ದು: ಇಲ್ಲಿ ಆಡಿದ ಮಾತು ಹೋಗುವುದೇ ಇಲ್ಲ. ವಾಟ್ಸಪ್ಪಿನ ಸ್ಟೇಟಸ್ಸು 24 ಗಂಟೆಗಳಲ್ಲಿ ಮಾಯವಾಗುತ್ತದೆ ಎಂದು ಹುಡುಗರು ಧೈರ್ಯವಾಗಿರುತ್ತಾರೆ. ಅಷ್ಟರಲ್ಲಿ ನೋಡಿದವನೊಬ್ಬ ಪರದೆಯ ಪಡಿಯಚ್ಚನ್ನು, ಅಂದರೆ ಸ್ಕ್ರೀನ್‌ಶಾಟನ್ನು, ತೆಗೆದಿಟ್ಟುಕೊಂಡರೆ ಮುಗಿಯಿತು. ಒಂದೇ ಸಾರಿ ನೋಡಲು ಬರುವಂಥ ಚಿತ್ರ ಕಳಿಸುವ ಸೌಕರ್ಯವೂ ಉಂಟು. ಆದರೆ ಪಕ್ಕದಲ್ಲಿ ಇನ್ನೊಂದು ಫೋನು ಹಿಡಿದು ಆ ಪರದೆಯ ಫೋಟೋ ತೆಗೆಯುವವರನ್ನು ಯಾವ ಸೌಕರ್ಯವೂ ತಡೆಯದು. ಕಳಿಸಿದ್ದನ್ನು ಅಳಿಸಬಹುದು ನಿಜ. ಅಳಿಯುವುದು ನಾವು ಕಳಿಸಿದ ಪ್ರತಿ ಮಾತ್ರ. ಅವರು ಮಾಡಿಕೊಂಡ ಪ್ರತಿಗಳು ಅವರ ಹತ್ತಿರವೇ ಉಳಿಯುತ್ತವೆ. ಇನ್ನು ಗೂಗಲ್ಲಿನಂಥ ಶೋಧಯಂತ್ರಗಳು. ಇವು ಸಾರ್ವಜನಿಕವಾಗಿ ತೆರೆದಿಟ್ಟ ಪುಟಗಳನ್ನು ಮೊದಲೇ ಓದಿ, ಯಾವ ಹೆಸರು ಎಲ್ಲಿದೆ ಎಂದು ಪಟ್ಟಿ ಮಾಡಿಟ್ಟುಕೊಂಡಿರುತ್ತವೆ. ಆದುದರಿಂದಲೇ ಹೆಸರು ಬರೆದ ಕ್ಷಣದಲ್ಲಿ ಹತ್ತು ವರುಷದ ಹಿಂದಿನದೂ ನಿನ್ನೆಯದೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಯಾವುದು ಹುಡುಗಾಟದ ಕಾಲದ್ದು, ಯಾವುದು ತಿಳಿವಳಿಕೆ ಬಂದ ಮೇಲಿನದು ಎಂಬ ಭೇದ ಯಂತ್ರಕ್ಕೆ ತಿಳಿಯದು.

ಸ್ನೇಹಿತರಷ್ಟೇ ಇರುವ ಗುಂಪಿನಲ್ಲಿ ಏನು ಬರೆದರೂ ಹೊರಗೆ ಹೋಗದೆಂಬ ನಂಬಿಕೆಯೂ ಅಷ್ಟೇ. ಅಮೆರಿಕೆಯ ಹಾರ್ವರ್ಡ್ ಕಾಲೇಜಿಗೆ ಆಯ್ಕೆಯಾಗಿದ್ದ ಹತ್ತು ಮಂದಿಯಾದರೂ ವಿದ್ಯಾರ್ಥಿಗಳು ಫೇಸ್‌ಬುಕ್ಕಿನ ಒಂದು ಖಾಸಗಿ ಗುಂಪಿನಲ್ಲಿ ಅಸಹ್ಯವಾದ ಹಾಸ್ಯಚಿತ್ರಗಳನ್ನು ಹಂಚಿಕೊಂಡರು. ಸುದ್ದಿ ಹೊರಬಿತ್ತು, 2017ರಲ್ಲಿ ಅವರಿಗೆ ಕೊಟ್ಟಿದ್ದ ಪ್ರವೇಶವನ್ನು ಕಾಲೇಜು ಹಿಂದಕ್ಕೆ ತೆಗೆದುಕೊಂಡಿತು. ಗುಂಪಿನ ಬಾಗಿಲು ಮುಚ್ಚಿತ್ತು ಎಂಬುದು ಅವರಿಗೆ ಉಪಯೋಗಕ್ಕೆ ಬರಲಿಲ್ಲ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ನಾಡಿನ ಉಚ್ಚ ನ್ಯಾಯಾಲಯದ ಮುಂದೆಯೇ ಈ ಪ್ರಶ್ನೆ ಬಂದಿತ್ತು. ಒಬ್ಬ ತಂದೆಯ ಅರ್ಜಿ ಅದು. ಅವರ ಮಗಳು ಹಿಂದೆ ಮದುವೆಗೆ ಸಂಬಂಧಿಸಿದ ತಕರಾರಿನಲ್ಲಿ ಒಬ್ಬನ ಮೇಲೆ ದೂರು ಕೊಟ್ಟಿದ್ದಳು. ಮುಂದೆ ರಾಜಿಯಾಗಿ ಉಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಗೊಳಿಸಿತು. ವ್ಯವಹಾರವೇನೋ ಮುಗಿಯಿತು. ಆದರೆ ಆದೇಶದಲ್ಲಿ ಅವಳ ಹೆಸರಿತ್ತು. ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದವರಿಗೆಲ್ಲ ಆ ಆದೇಶ ಕಣ್ಣಿಗೆ ಬೀಳುವಂತಿತ್ತು. ಇದರಿಂದ ಅವಳ ಸಂಸಾರಕ್ಕೂ ಸಮಾಜದಲ್ಲಿನ ಮಾನಕ್ಕೂ ಕುಂದು ಬಂದೀತೆಂದು ತಂದೆ ಹೆದರಿದರು. 2017ರ ಜನವರಿ 23ರಂದು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು, ಸಾರ್ವಜನಿಕ ಹುಡುಕಾಟದಲ್ಲಿ ಆಕೆಯ ಹೆಸರು ತೋರದಂತೆ ನೋಡಿಕೊಳ್ಳಬೇಕೆಂದು ಕಚೇರಿಗೆ ಆಜ್ಞೆ ಮಾಡಿದರು. ದೃಢೀಕೃತ ನಕಲು ಕೇಳಿದವರಿಗೆ ಮಾತ್ರ ಹೆಸರು ಇದ್ದಂತೆಯೇ ಸಿಗುತ್ತದೆ. ಅಂದರೆ ದಾಖಲೆ ಸುಳ್ಳಾಗಲಿಲ್ಲ; ದಾರಿಹೋಕರ ಕಣ್ಣಿನಿಂದ ಅದನ್ನು ಒಳಗಿಟ್ಟರು, ಅಷ್ಟೆ. ಹೆಣ್ಣುಮಕ್ಕಳ ಮಾನಕ್ಕೆ ಸಂಬಂಧಿಸಿದ ಸೂಕ್ಷ್ಮ ಪ್ರಕರಣಗಳಲ್ಲಿ ಇದು ತಕ್ಕ ಮಾರ್ಗವೆಂದು ನ್ಯಾಯಾಲಯ ಎಣಿಸಿತು. ಇದನ್ನು 'ಮರೆಯಲ್ಪಡುವ ಹಕ್ಕು' ಎಂದು ಕರೆಯುತ್ತಾರೆ.

ಈ ಹಕ್ಕಿಗೆ ಹೆಸರು ತಂದವನು ಸ್ಪೇನ್ ದೇಶದ ಒಬ್ಬ ಗೃಹಸ್ಥ. ಸಾಲದ ದೆಸೆಯಿಂದ ಅವನ ಆಸ್ತಿ ಹರಾಜಿಗೆ ಬಂದ ಪ್ರಕಟಣೆ 1998ರಲ್ಲಿ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಸಾಲ ತೀರಿ ವರುಷಗಳು ಕಳೆದರೂ ಅವನ ಹೆಸರು ಹುಡುಕಿದಾಗ ಮೊದಲು ಬರುತ್ತಿದ್ದುದು ಆ ಹರಾಜೇ. 2014ರ ಮೇ 13ರಂದು ಯೂರೋಪಿನ ನ್ಯಾಯಾಲಯವು, ಹೆಸರಿನ ಹುಡುಕಾಟದಲ್ಲಿ ಆ ಕೊಂಡಿ ಬಾರದಂತೆ ಮಾಡುವ ಹೊಣೆ ಗೂಗಲ್ಲಿನದೆಂದು ತೀರ್ಮಾನಿಸಿತು. ಪತ್ರಿಕೆಯ ಹಳೆಯ ಸಂಚಿಕೆಯನ್ನು ಯಾರೂ ಹರಿಯಲಿಲ್ಲ. ವಿಚಿತ್ರವೆಂದರೆ, ತನ್ನ ಸಾಲವನ್ನು ಲೋಕ ಮರೆಯಲೆಂದು ಹೋರಾಡಿದವನ ಸಾಲ ಈಗ ಲೋಕದ ಕಾನೂನು ಪುಸ್ತಕಗಳಲ್ಲೆಲ್ಲ ಸೇರಿದೆ!

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದ ತೀರ್ಪಿಗೆ ಕನ್ನಡಿಗರೊಬ್ಬರ ಹೆಸರೇ ಅಂಟಿಕೊಂಡಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಹಕ್ಕನ್ನು ಎತ್ತಿಹಿಡಿದರು. ಅವರೊಳಗೆ ನ್ಯಾಯಮೂರ್ತಿ ಸಂಜಯ ಕಿಶನ್ ಕೌಲ್ ಅವರು ಬರೆದ ಭಾಗದಲ್ಲಿ ಮಕ್ಕಳ ವಿಚಾರವೂ ಬರುತ್ತದೆ. ಮಕ್ಕಳು ಹಗಲಿರುಳೂ ಜಾಲದಲ್ಲಿ ಅಳಿಯದ ಹೆಜ್ಜೆಗಳನ್ನು ಮೂಡಿಸುತ್ತಿದ್ದಾರೆ. ಎಳೆತನದ ತಪ್ಪುಗಳಿಗಾಗಿ ಅವರು ಬಾಳೆಲ್ಲ ದಂಡ ತೆರುವಂತಾಗಬಾರದು ಎಂಬುದು ಅದರ ತಾತ್ಪರ್ಯ. ಕಟ್ಟೆಯ ಮೇಲಿನ ಹಿರಿಯರು ಓದದೆಯೇ ಪಾಲಿಸುತ್ತಿದ್ದ ನೀತಿ ಇದೇ ಅಲ್ಲವೆ? 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂದಿತು. ಹದಿನೆಂಟು ತುಂಬದವರನ್ನೆಲ್ಲ ಅದು ಮಕ್ಕಳೆಂದೇ ಎಣಿಸುತ್ತದೆ. ಅವರ ವಿವರಗಳನ್ನು ಬಳಸಲು ತಂದೆತಾಯಿಯರ ಒಪ್ಪಿಗೆ ಬೇಕೆನ್ನುತ್ತದೆ. ಕೊಟ್ಟ ವಿವರವನ್ನು ತಿದ್ದಿಸುವ, ಅಳಿಸುವ ಹಕ್ಕನ್ನು ಕೊಡುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು; ಜಾರಿ ಹಂತಹಂತವಾಗಿ.

ಆದರೆ ಕಾನೂನು ಬರುವುದು ಚಿತ್ರ ಹಬ್ಬಿದ ಮೇಲೆ. ಹಬ್ಬದಂತೆ ನೋಡುವುದು ಮನೆಯ ಕೆಲಸ. ಅದು ಮಕ್ಕಳಿಂದ ಆರಂಭವಾಗುವುದಿಲ್ಲ, ನಮ್ಮಿಂದಲೇ ಆರಂಭವಾಗಬೇಕು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಫೋನುಗಳನ್ನು ನೋಡಿದರೆ ಸಾಕು. ಮಗ ತೊಂಬತ್ತು ಪ್ರತಿಶತ ಪಡೆದನೆಂಬ ಹಿಗ್ಗಿನಲ್ಲಿ ತಂದೆ ಅಂಕಪಟ್ಟಿಯನ್ನೇ ಸ್ಟೇಟಸ್ಸಿಗೆ ಏರಿಸುತ್ತಾನೆ. ಅದರಲ್ಲಿ ಹುಡುಗನ ಪೂರ್ತಿ ಹೆಸರು, ತಾಯಿತಂದೆಯರ ಹೆಸರು, ಶಾಲೆ, ನೋಂದಣಿ ಸಂಖ್ಯೆ, ಹುಟ್ಟಿದ ತಾರೀಖು ಎಲ್ಲವೂ ಇರುತ್ತವೆ. ಮೋಸಗಾರನಿಗೆ ಇದಕ್ಕಿಂತ ಹೆಚ್ಚೇನು ಬೇಕು? ಹಿಗ್ಗು ಹಂಚಲಿ, ಪೇಢೆಯನ್ನೂ ಹಂಚಲಿ, ಅಂಕಪಟ್ಟಿ ಪೆಟ್ಟಿಗೆಯಲ್ಲಿರಲಿ. ಇದರ ಇನ್ನೊಂದು ಮಗ್ಗುಲೂ ಉಂಟು. ಕೂಸು ಮೀಯುವ ಚಿತ್ರ, ಮಗಳು ಪರೀಕ್ಷೆಯಲ್ಲಿ ಸೋತು ಅಳುವ ಚಿತ್ರ, ಇವನ್ನು ತಮಾಷೆಗೆಂದು ಹಾಕುವ ತಾಯಿತಂದೆಯರು ಮುಂದೆ ಅದೇ ಮಗುವಿಗೆ 'ಮಂದಿಯ ಫೋಟೋ ಕೇಳದೆ ಹಾಕಬೇಡ' ಎಂದು ಬುದ್ಧಿ ಹೇಳಿದರೆ ಅದು ಹೇಗೆ ತಲೆಗೆ ಹೋದೀತು? ಮಗುವಿಗೆ ಐದಾರು ವರುಷವಾದ ಕೂಡಲೆ 'ಇದನ್ನು ಅಜ್ಜಿಗೆ ಕಳಿಸಲೇ?' ಎಂದು ಕೇಳಿ ಕಳಿಸುವ ರೂಢಿ ಹಾಕಿದರೆ, ಒಪ್ಪಿಗೆ ಎಂಬುದರ ಅರ್ಥ ಉಪದೇಶವಿಲ್ಲದೆಯೇ ತಿಳಿಯುತ್ತದೆ. ಅದು ಬೇಡವೆಂದರೆ ಕಳಿಸಬಾರದು. ಪಾಠವಿರುವುದು ಅಲ್ಲಿಯೇ.

ಇನ್ನು ಖಾತೆಯ ಮಾತು. ಇನ್‌ಸ್ಟಾಗ್ರಾಂ ಮೊದಲಾದ ತಾಣಗಳಲ್ಲಿ ಹದಿಮೂರು ತುಂಬದೆ ಖಾತೆ ತೆರೆಯುವಂತಿಲ್ಲ. ಹದಿಹರೆಯದವರ ಖಾತೆ ಮೊದಲಿಗೇ ಅಪರಿಚಿತರಿಗೆ ಮುಚ್ಚಿರುವಂಥ ಏರ್ಪಾಡನ್ನು ಇನ್‌ಸ್ಟಾಗ್ರಾಂ 2025ರಲ್ಲಿ ನಮ್ಮ ದೇಶಕ್ಕೂ ತಂದಿತು. ಆದರೆ ಈ ಬೇಲಿ ನಿಂತಿರುವುದು ಹುಟ್ಟಿದ ವರ್ಷದ ಮೇಲೆ. ಹುಡುಗರು ಅವಸರದಲ್ಲಿ 2000ವೋ 1998ವೋ ಎಂದು ಒತ್ತಿಬಿಡುತ್ತಾರೆ. ಒತ್ತಿದ ಗಳಿಗೆಯಿಂದ ಯಂತ್ರದ ದೃಷ್ಟಿಯಲ್ಲಿ ಅವರು ದೊಡ್ಡವರು, ಬೇಲಿ ಇಲ್ಲ. ಆಸ್ಟ್ರೇಲಿಯವು 2025ರ ಡಿಸೆಂಬರ್ 10ರಿಂದ ಹದಿನಾರರ ಒಳಗಿನವರಿಗೆ ಇಂಥ ತಾಣಗಳಲ್ಲಿ ಖಾತೆಯೇ ಇರಕೂಡದೆಂದು ವಿಧಿಸಿತು. ಅದು ಎಷ್ಟರಮಟ್ಟಿಗೆ ಫಲಿಸೀತೆಂಬ ವಾದವನ್ನು ಬಲ್ಲವರಿಗೆ ಬಿಡೋಣ. ನಮ್ಮ ಮನೆಯಲ್ಲಿ ನಾವು ಇಂದೇ ಮಾಡಬಹುದಾದುದು, ಮಗುವಿನೊಡನೆ ಕೂತು ಖಾತೆಯಲ್ಲಿ ಬರೆದ ಹುಟ್ಟಿದ ವರ್ಷ ನಿಜವೇ ಎಂದು ನೋಡುವುದು.

ಚಿತ್ರ ಹಾಕುವ ಮೊದಲು ಅದರ ಹಿನ್ನೆಲೆಯನ್ನು ನೋಡುವ ಅಭ್ಯಾಸ ಆಗಬೇಕು. ಮುಖ ನಗುತ್ತಿರುತ್ತದೆ; ಬೆನ್ನ ಹಿಂದೆ ಬಸ್ಸಿನ ಫಲಕ, ಎದೆಯ ಮೇಲೆ ಶಾಲೆಯ ಬಿಲ್ಲೆ, ಬಾಗಿಲ ಮೇಲೆ ಮನೆಯ ಸಂಖ್ಯೆ. ಅಪರಿಚಿತನಿಗೆ ಈ ಹುಡುಗಿ ದಿನಾಲು ಎಲ್ಲಿಂದ ಎಲ್ಲಿಗೆ ಹೋಗುತ್ತಾಳೆಂದು ಹೇಳಲು ಇಷ್ಟು ಸಾಕು. ಪಾಸ್‌ವರ್ಡನ್ನು ಗೆಳೆತನದ ಗುರುತೆಂದು ಗೆಳತಿಯರು ಹಂಚಿಕೊಳ್ಳುವುದುಂಟು. ಇಂದಿನ ಗೆಳೆತನ ಮುಂದಿನ ತಿಂಗಳು ಇರಬಹುದು, ಇರದಿರಬಹುದು. ಪಾಸ್‌ವರ್ಡು ಮಾತ್ರ ಅವರ ಹತ್ತಿರ ಇದ್ದೇ ಇರುತ್ತದೆ.

ಏನನ್ನು ಹಾಕಬಹುದು, ಏನನ್ನು ಹಾಕಬಾರದು ಎಂದು ಪಟ್ಟಿ ಕೊಟ್ಟರೆ ಹುಡುಗರು ಕೇಳರು. ಅವರಿಗೆ ತಾವೇ ಅಳೆದುಕೊಳ್ಳುವಂಥ ಒಂದು ಕೋಲು ಬೇಕು. ಅದಕ್ಕೆ ಊರ ಅಗಸಿಯನ್ನು ನೆನೆಯುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಈ ಮಾತನ್ನು, ಈ ಚಿತ್ರವನ್ನು ಕಾಗದದ ಮೇಲೆ ಬರೆದು, ಕೆಳಗೆ ನಿನ್ನ ಹೆಸರು, ನಿಮ್ಮಪ್ಪನ ಹೆಸರು, ಮನೆತನದ ಹೆಸರು ಬರೆದು ಅಗಸಿಯ ಬಾಗಿಲಿಗೆ ಅಂಟಿಸುವೆಯಾ? ಅಂಟಿಸುವುದಾದರೆ ಹಾಕು. ಮನಸ್ಸು ಅಳುಕಿದರೆ ಒಂದು ರಾತ್ರಿ ಹಾಗೆಯೇ ಬಿಡು. ಬಾನುಲಿಯಲ್ಲಿ ಮಾತನಾಡಲು ಬರುವವರಿಗೆ ಇಂಥ ತಡೆ ಹೊಸತಲ್ಲ. ಧಾರವಾಡದ ನಿಲಯ 1950ರ ಜನವರಿ 8ರಂದು ಆರಂಭವಾಯಿತು. ಬಾನುಲಿಯ ಭಾಷಣವೆಂದರೆ ಮೊದಲು ಬರೆಯಬೇಕು, ಬರೆದದ್ದನ್ನು ಇನ್ನೊಬ್ಬರು ಓದಬೇಕು, ಆಮೇಲೆ ಕೆಂಪು ದೀಪ ಹತ್ತಿದಾಗ ಬಾಯಿ ತೆರೆಯಬೇಕು. ನಮ್ಮ ಮಕ್ಕಳ ಕಿಸೆಯಲ್ಲಿ ಕೆಂಪು ದೀಪ ಸದಾ ಹತ್ತಿಯೇ ಇರುತ್ತದೆ. ಓದಿ ನೋಡುವ ಇನ್ನೊಬ್ಬರು ಮಾತ್ರ ಇಲ್ಲ.

ತನ್ನ ಹೆಸರಿನಷ್ಟೇ ಮಂದಿಯ ಹೆಸರನ್ನೂ ಕಾಯಬೇಕೆಂದು ಕಲಿಸದಿದ್ದರೆ ಈ ವಿದ್ಯೆ ಅರ್ಧವೇ ಆದೀತು. 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ ನಡೆದುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಹೈದರಾಬಾದಿನಿಂದ ಆ ಕಡೆ ಬಂದಿದ್ದ ಕೆಲವರು ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಗುಲ್ಲು ವಾಟ್ಸಪ್ಪಿನಲ್ಲಿ ಅವರ ಕಾರಿಗಿಂತ ಮುಂದಾಗಿ ಓಡಿತು. ಮುಂದಿನ ಊರಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಬಿಡಿಸಲು ಬಂದ ಪೊಲೀಸರಿಗೂ ಗಾಯಗಳಾದವು. ಇಂಜಿನಿಯರನೊಬ್ಬ ಪ್ರಾಣ ಬಿಟ್ಟನು. ಅವನು ಯಾರು, ಎಂಥವನು ಎಂದು ಕೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಅದೇ ತಿಂಗಳು ವಾಟ್ಸಪ್ ಸಂಸ್ಥೆಯು, ದೇಶದ ಹಲವೆಡೆ ನಡೆದ ಇಂಥ ಕೊಲೆಗಳ ತರುವಾಯ, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಮುಂದೂಡದಂತೆ ಭಾರತದಲ್ಲಿ ಮಿತಿ ಹಾಕುವುದಾಗಿ ಸಾರಿತು. ಯಂತ್ರಕ್ಕೆ ಹಾಕಿದ ಮಿತಿ ಅದು. ಬೆರಳಿಗೆ ಮಿತಿ ಹಾಕುವವರು ಮನೆಯವರೇ.

ಈಗ ಎಲ್ಲಕ್ಕಿಂತ ಕಠಿಣವಾದ ಭಾಗಕ್ಕೆ ಬರೋಣ. ಹುಡುಗಿ ಎಷ್ಟು ಎಚ್ಚರದಿಂದಿದ್ದರೂ ಕೇಡು ಬರಬಹುದು. ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು 2023ರಲ್ಲಿ ಬೇರೊಬ್ಬ ಹೆಂಗಸಿನ ವಿಡಿಯೋಕ್ಕೆ ಕೃತಕ ಬುದ್ಧಿಯ ಯಂತ್ರದಿಂದ ಅಂಟಿಸಿ ಹರಿಯಬಿಟ್ಟರು. ದೆಹಲಿ ಪೊಲೀಸರು 2024ರ ಜನವರಿಯಲ್ಲಿ ಆಂಧ್ರದ ತರುಣನೊಬ್ಬನನ್ನು ಹಿಡಿದರು. ತಾನು ಶಾಲೆಯಲ್ಲೋ ಕಾಲೇಜಿನಲ್ಲೋ ಇದ್ದಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲಾರೆ ಎಂದು ಆಕೆ ಆಗ ಬರೆದರು. ಹೆಸರಾಂತ ನಟಿಯ ಬೆನ್ನಿಗೆ ದೇಶವೇ ನಿಂತಿತು. ರೋಣಕ್ಕೋ ಗದಗಿಗೋ ಬಸ್ಸು ಹಿಡಿದು ಕಾಲೇಜಿಗೆ ಹೋಗುವ ಹಳ್ಳಿಯ ಹುಡುಗಿಯ ಬೆನ್ನಿಗೆ ಯಾರು ನಿಲ್ಲುತ್ತಾರೆ?

ನಮ್ಮ ಕಡೆ ಇದರ ಬೆಲೆ ತೆರುವವರು ಹೆಣ್ಣುಮಕ್ಕಳೇ. ಬಸ್ ನಿಲ್ದಾಣದಲ್ಲಿ ಯಾವನೋ ಕದ್ದು ತೆಗೆದ ಒಂದು ಚಿತ್ರ ನಾಲ್ಕು ಫೋನುಗಳಿಗೆ ಹರಿದರೆ ಸಾಕು, ಮನೆಯಲ್ಲಿ ಮೊದಲು ನಿಲ್ಲುವುದು ಅವಳ ಕಾಲೇಜು. ಎರಡನೆಯದಾಗಿ ವರ ನೋಡುವ ಅವಸರ ಹತ್ತುತ್ತದೆ, ಹದಿನೆಂಟು ತುಂಬಿರಲಿ ಬಿಡಲಿ. ಚಿತ್ರ ತೆಗೆದವನು ಎಂದಿನಂತೆ ಅದೇ ನಿಲ್ದಾಣದಲ್ಲಿ ಚಹಾ ಕುಡಿಯುತ್ತಿರುತ್ತಾನೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರದ ಬಸ್ಸು ಉಚಿತವಾಯಿತು; ಕಾಲೇಜಿನ ದಾರಿ ಸುಗಮವಾಯಿತೆಂದು ನಾವೆಲ್ಲ ಸಂತೋಷಪಟ್ಟೆವು. ಆ ದಾರಿಯನ್ನು ಒಂದು ಚಿತ್ರಕ್ಕಾಗಿ ಮನೆಯವರೇ ಮುಚ್ಚುವುದು ನ್ಯಾಯವಲ್ಲ. ಅದರಿಂದ ಬೆದರಿಸುವವನ ಕೈಗೆ ಇನ್ನಷ್ಟು ಬಲ ಕೊಟ್ಟಂತಾಗುತ್ತದೆ. ಯಾಕೆಂದರೆ 'ನಿಮ್ಮ ಮನೆಗೆ ಕಳಿಸುತ್ತೇನೆ' ಎಂಬ ಮಾತೇ ಅವನ ಆಯುಧ. ಮನೆಗೆ ಆ ಹುಡುಗಿ ಹೆದರದಿದ್ದರೆ ಆ ಆಯುಧ ಮೊಂಡಾಗುತ್ತದೆ. ಗಂಡುಹುಡುಗರಿಗೂ ಈ ಬೆದರಿಕೆ ಬರುವುದುಂಟು. ಸುಂದರಿಯ ಹೆಸರಿನಲ್ಲಿ ವಿಡಿಯೋ ಕರೆ ಮಾಡಿ, ಅದನ್ನು ಹಿಡಿದಿಟ್ಟುಕೊಂಡು ಹಣ ಕೇಳುವ ದಂಧೆಯೇ ಇದೆ. ಹುಡುಗರು ನಾಚಿಕೆಗೆ ಯಾರಿಗೂ ಹೇಳರು.

ಆದುದರಿಂದ ಫೋನು ಕೊಡುವ ದಿನವೇ ತಂದೆತಾಯಿಗಳು ಒಂದು ಮಾತು ಕೊಡಬೇಕು. ನಮ್ಮ ಕಡೆಯ ಭಾಷೆಯಲ್ಲಿಯೇ ಹೇಳುವುದಾದರೆ: 'ಅವ್ವಾ, ಏನಾರ ಆದ್ರ ಮೊದಲ ನನಗ ಹೇಳು. ತಪ್ಪು ಯಾರ್ದರ ಇರವಲ್ದ್ಯಾಕ, ನಾ ಬೈಯೂದಿಲ್ಲ, ಫೋನ ಕಸ್ಗೊಳ್ಳೂದಿಲ್ಲ, ಸಾಲೀನೂ ಬಿಡಸೂದಿಲ್ಲ.' ಕೊಟ್ಟ ಮಾತಿಗೆ ಆಮೇಲೆ ನಿಲ್ಲಲೂ ಬೇಕು. ಫೋನು ಕಸಿದುಕೊಳ್ಳುತ್ತಾರೆಂಬ ಭಯವಿದ್ದ ಮಗು ಎರಡನೆಯ ಸಾರಿ ಬಾಯಿ ಬಿಡುವುದಿಲ್ಲ.

ಬೆದರಿಕೆ ಬಂದಾಗ ಏನು ಮಾಡತಕ್ಕದ್ದು? ಹಣ ಕೊಡಕೂಡದು, ಒಮ್ಮೆ ಕೊಟ್ಟವನಿಂದ ಮತ್ತೆ ಕೇಳುತ್ತಾರೆ. ಮಾತುಕತೆ ಬೆಳೆಸಕೂಡದು. ಸಿಟ್ಟಿಗೋ ನಾಚಿಕೆಗೋ ಸಂದೇಶಗಳನ್ನು ಅಳಿಸಿಹಾಕುವುದು ದೊಡ್ಡ ತಪ್ಪು, ಅವೇ ಸಾಕ್ಷಿ. ಕಳಿಸಿದವನ ಖಾತೆಯ ಹೆಸರು, ನಂಬರು, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟು ತೆಗೆದಿಟ್ಟುಕೊಂಡು, ಆಮೇಲೆ ಅವನನ್ನು ತಡೆಹಿಡಿಯಬೇಕು. ಹಣ ಹೋಗಿದ್ದರೆ 1930 ಸಂಖ್ಯೆಗೆ ಆ ಕ್ಷಣವೇ ಕರೆ ಮಾಡಬೇಕು. ಚಿತ್ರ, ಬೆದರಿಕೆಗಳ ವಿಷಯವಾದರೆ ಕೇಂದ್ರ ಸರಕಾರದ ರಾಷ್ಟ್ರೀಯ ಸೈಬರ್ ಅಪರಾಧ ದೂರು ಜಾಲತಾಣದಲ್ಲಿ ಹೆಂಗಸರು ಮತ್ತು ಮಕ್ಕಳಿಗೆ ಬೇರೆಯೇ ವಿಭಾಗವಿದೆ. ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳಿಗಾಗಿ 1098 ಎಂಬ ಸಹಾಯವಾಣಿ ಹಗಲಿರುಳೂ ಇರುತ್ತದೆ. ಎದುರು ಕೂತು ಹೇಳುವುದಾದರೆ, ದೇಶದಲ್ಲೇ ಮೊದಲ ಸೈಬರ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆದದ್ದು. ಈಗ ಜಿಲ್ಲೆಗಳಲ್ಲೂ ಇಂಥ ಠಾಣೆಗಳಿವೆ, ಗದಗಿನಲ್ಲಿಯೂ ಇದೆ. 'ಸೆನ್ ಠಾಣೆ' ಎಂದು ಕೇಳಿದರೆ ತೋರಿಸುತ್ತಾರೆ.

ಹಬ್ಬಿದ ಚಿತ್ರವನ್ನು ಹಿಂದಕ್ಕೆ ತರುವುದಾಗದೆಂಬುದು ಪೂರ್ತಿ ನಿಜವಲ್ಲ. ಹದಿನೆಂಟರೊಳಗೆ ತೆಗೆದ ನಗ್ನ ಚಿತ್ರಗಳಿಗಾಗಿ ಅಮೆರಿಕೆಯ ಒಂದು ಮಕ್ಕಳ ರಕ್ಷಣಾ ಸಂಸ್ಥೆ 2023ರಿಂದ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ನಡೆಸುತ್ತಿದೆ. ಅದರ ಜಾಣ್ಮೆ ಇರುವುದು ಇಲ್ಲಿ: ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ಫೋನಿನಲ್ಲಿಯೇ ಆ ಚಿತ್ರದಿಂದ ಒಂದು ಉದ್ದನೆಯ ಅಂಕೆಯ ಗುರುತು ಹುಟ್ಟುತ್ತದೆ, ಹೆಬ್ಬೆಟ್ಟಿನ ಮುದ್ರೆಯ ಹಾಗೆ. ಆ ಗುರುತು ಮಾತ್ರ ಹೊರಗೆ ಹೋಗುತ್ತದೆ. ಗುರುತಿನಿಂದ ಚಿತ್ರವನ್ನು ಮರಳಿ ಮಾಡಲು ಬಾರದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ತಾಣಗಳು ತಮ್ಮಲ್ಲಿ ಆ ಮುದ್ರೆಗೆ ಹೊಂದುವ ಚಿತ್ರ ಸಿಕ್ಕರೆ ತೆಗೆಯಬಲ್ಲವು. ವಾಟ್ಸಪ್ಪಿನ ಮುಚ್ಚಿದ ಸಂದೇಶಗಳೊಳಗೆ ಇದು ನಡೆಯದು. ಹದಿನೆಂಟು ತುಂಬಿದವರಿಗೆ ಇಂಥದೇ ಬೇರೊಂದು ಸೇವೆ ಉಂಟು. ನಮ್ಮ ದೇಶದ 2021ರ ನಿಯಮಗಳೂ, ಇಂಥ ಚಿತ್ರದಲ್ಲಿರುವವರೇ ದೂರಿತ್ತರೆ 24 ಗಂಟೆಗಳೊಳಗೆ ತಾಣದವರು ಅದನ್ನು ತೆಗೆಯಬೇಕೆಂದು ಮೊದಲ ಗಡುವು ಹಾಕಿದವು.

ಗಂಡುಮಕ್ಕಳಿಗೆ ಹೇಳಬೇಕಾದ ಮಾತೊಂದಿದೆ, ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 'ನಾನು ತೆಗೆದದ್ದಲ್ಲ, ನನಗೆ ಬಂದದ್ದನ್ನು ಮುಂದೆ ಕಳಿಸಿದೆ' ಎಂಬುದು ಕಾನೂನಿನಲ್ಲಿ ನೆವವಾಗದು. ಹದಿನೆಂಟರೊಳಗಿನವರ ಅಶ್ಲೀಲ ಚಿತ್ರವನ್ನು ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಕೆಳಗೆ ಮೊದಲ ಅಪರಾಧಕ್ಕೇ ಐದು ವರುಷದವರೆಗೆ ಸಜೆ, ಹತ್ತು ಲಕ್ಷ ರೂಪಾಯಿಯವರೆಗೆ ದಂಡ. ಅಳಿಸದೆ, ತಿಳಿಸದೆ ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಗಬಹುದೆಂದು ಸರ್ವೋಚ್ಚ ನ್ಯಾಯಾಲಯ 2024ರ ಸೆಪ್ಟೆಂಬರ್ 23ರಂದು ಹೇಳಿದೆ. ನಗೆಚಾಟಿಕೆಗೆಂದು ಗುಂಪಿಗೆ ಎಸೆದ ಒಂದು ಚಿತ್ರದಿಂದ ನೌಕರಿಯ ವಿಚಾರಣೆಯಲ್ಲಿ ಪೊಲೀಸು ದಾಖಲೆ ಹೊರಬೀಳುವುದು ಅವರ ಹೆಸರಿನ ಮೇಲೆಯೇ.

ಹೆದರಿಸಿದ್ದು ಇಷ್ಟು ಸಾಕು. ಹೆಸರು ಕಾಯುವುದೆಂದರೆ ಬಾಗಿಲು ಹಾಕಿಕೊಂಡು ಕೂಡುವುದಲ್ಲ. ಡೊಳ್ಳು ಬಾರಿಸುವ ಹುಡುಗ, ಚೆನ್ನಾಗಿ ಹಾಡುವ ಹುಡುಗಿ, ಹಿಂಗಾರಿಯ ಕಡಲೆಗೆ ಬಂದ ರೋಗದ ಬಗ್ಗೆ ಅಪ್ಪ ಹೇಳಿದ್ದನ್ನು ಚಿತ್ರ ಹಿಡಿದು ತೋರಿಸುವ ಮಗ, ಇವರೆಲ್ಲ ತಮ್ಮ ಹೆಸರನ್ನು ಹುಡುಕಿದವರಿಗೆ ಒಳ್ಳೆಯದೇ ಮೊದಲು ಸಿಗುವಂತೆ ಮಾಡಬಲ್ಲರು. ಕನ್ನಡ ವಿಕಿಪೀಡಿಯ 2003ರಿಂದ ನಡೆದಿದೆ. ತಮ್ಮ ಊರಿನ ಗುಡಿ, ಶಾಸನ, ಕೆರೆಗಳ ಬಗ್ಗೆ ಆಧಾರವಿಟ್ಟು ಬರೆಯುವವರಿಗೆ ಅಲ್ಲಿ ಇನ್ನೂ ಬೇಕಾದಷ್ಟು ಜಾಗವಿದೆ.

ಮೂರು ತಿಂಗಳಿಗೊಮ್ಮೆ ಒಂದು ರವಿವಾರ ಮನೆಯವರೆಲ್ಲ ಕೂತು ತಮ್ಮ ತಮ್ಮ ಹೆಸರನ್ನು ಹುಡುಕಿ ನೋಡುವುದು ಒಳ್ಳೆಯದು. ಕನ್ನಡದಲ್ಲಿ ಬರೆದು ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಒಮ್ಮೆ, ಊರಿನ ಹೆಸರು ಸೇರಿಸಿ ಮತ್ತೊಮ್ಮೆ. ಯಾಕೆಂದರೆ ಮೂರಕ್ಕೂ ಬರುವ ಉತ್ತರ ಬೇರೆ. ನಮ್ಮ ಹೆಸರು, ನಮ್ಮ ಫೋಟೋ ಇಟ್ಟು ಬೇರೆ ಯಾರಾದರೂ ಖಾತೆ ತೆರೆದಿದ್ದರೆ ಆಗಲೇ ತಿಳಿದುಬರುತ್ತದೆ. ಸೋಗಿನ ಖಾತೆಯೆಂದು ತಾಣದವರಿಗೆ ದೂರು ಕೊಡಲು ಎಲ್ಲ ತಾಣಗಳಲ್ಲಿಯೂ ಗುಂಡಿ ಉಂಟು. ಮೊದಲು ತಂದೆಯ ಹೆಸರನ್ನೇ ಹುಡುಕಿದರೆ ಮಕ್ಕಳಿಗೆ ಉತ್ಸಾಹ ಬರುತ್ತದೆ. ಎಂಟು ವರುಷದ ಹಿಂದೆ ಆತ ಯಾವ ಚುನಾವಣೆಯ ಜಗಳದಲ್ಲಿ ಏನು ಬರೆದಿದ್ದನೆಂಬುದೂ ಅಲ್ಲಿ ಸಿಕ್ಕೀತು.